ಎಂಟನೆಯ ಪುಸ್ತಕ ಹೊಲಿದು ಮುಗಿದ ಮೇಲೆ

ಪ್ರಿಯರೇ,

ಕಳೆದ ಶನಿವಾರ, ಹಗಲೂ ರಾತ್ರಿಯೂ ಸರಿಸಮವಾಗುವ ಶರತ್ಕಾಲದ ಹಬ್ಬದ ವಾರದಲ್ಲಿ, ನನ್ನ ಎಂಟನೆಯ ಪುಸ್ತಕದ ಕೊನೆಯ ಗಂಟು ಬಿತ್ತು. ಒಂದು ವರ್ಷದಲ್ಲಿ ಮುಗಿಸುತ್ತೇನೆಂದು ಹೊರಟ ಕೆಲಸ ಸುಮಾರು ಎರಡು ವರ್ಷ ಹಿಡಿಯಿತು. ನಡುವೆ ಬಂದ ನನ್ನ ಕಾಯಿಲೆಯ ಸಂಗತಿ ನಿಮ್ಮೆಲ್ಲರಿಗೂ ಗೊತ್ತಿರುವುದರಿಂದ ಅದರ ವಿವರಕ್ಕೆ ನಾನಿಲ್ಲಿ ಹೋಗುವುದಿಲ್ಲ. ಕೊನೆಯ ತಪಾಸಣೆಯ ಫಲಿತಾಂಶ ಚೆನ್ನಾಗಿದೆ, ಕೂದಲು ಬಂದಿದೆ, ಬೆರಳ ತುದಿಗಳಿಗೆ ಸ್ಪರ್ಶ ಬಹುಪಾಲು ಮರಳಿದೆ. ಈ ಬರಹ ನನ್ನನ್ನು ಇಲ್ಲಿಯವರೆಗೆ ನಡೆಸಿ ತಂದವರಿಗೆ ಕೃತಜ್ಞತೆ ಹೇಳುವುದಕ್ಕಾಗಿ ಮಾತ್ರ.

ನಾನು ಪ್ರಕೃತಿಯನ್ನೂ ಋತುಗಳನ್ನೂ ಪೂಜಿಸುವ ಪೇಗನ್ ದಾರಿಯಲ್ಲಿ ನಡೆಯುವವಳೆಂದು ತಿಳಿದಾಗ ಇಂಗ್ಲೆಂಡಿನ ಸ್ವಿಂಡನ್ನಿನ ನಮ್ಮ ಕನ್ನಡ ಬಳಗದಲ್ಲಿ ಕೆಲವರಿಗೆ ಆಶ್ಚರ್ಯವಾಗಿತ್ತು. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸುಮಾರು 74,000 ಜನ ತಮ್ಮನ್ನು ಪೇಗನ್ ಎಂದು ಬರೆಸಿದ್ದಾರೆ; ಅವರ ನಡುವೆ ಸಾಗರದ ಕಡೆಯ ಹೆಂಗಸೊಬ್ಬಳು ಇರುವುದು ವಿಚಿತ್ರವಾಗಿ ಕಂಡಿದ್ದರೆ ತಪ್ಪಿಲ್ಲ. ಆದರೆ ಭೂಮಿ ಹುಣ್ಣಿಮೆಯ ಮುಂಜಾನೆ ಬಸುರಿ ಭೂಮಿತಾಯಿಗೆ ಬಯಕೆಯ ಊಟ ಒಯ್ದು ಗದ್ದೆಗೆ ಚರಗ ಬೀರಿದ, ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯನ್ನು ಹೊತ್ತು ನಡೆದ ಹೆಂಗಸರ ಹಿಂದೆ ಓಡಿದ ಹುಡುಗಿಗೆ, ಕಲ್ಲು, ಮರ, ನೀರಿನ ಸೆಲೆಗಳ ಎದುರು ತಲೆಬಾಗುವುದನ್ನು ಇಂಗ್ಲೆಂಡಿನವರು ಕಲಿಸಬೇಕಾಗಿರಲಿಲ್ಲ. ಅದೂ ಇದೂ ಒಂದೇ ಎಂದು ನಾನು ಹೇಳುತ್ತಿಲ್ಲ, ಎರಡಕ್ಕೂ ತಮ್ಮ ತಮ್ಮ ನೆಲವಿದೆ. ನಾನಿರುವ ನೆಲ ಈಗ ವಿಲ್ಟ್‌ಶರ್, ಇಲ್ಲಿನ ಋತುಗಳಿಗೆ ಇಲ್ಲಿನ ಹಬ್ಬಗಳೇ ಹೊಂದುತ್ತವೆ.

ಆ ಹಬ್ಬಗಳು ಎಂಟು. ಒಂದೊಂದಕ್ಕೆ ಒಂದೊಂದು ಪುಸ್ತಕವನ್ನು ಕೈಯಿಂದಲೇ ಕಟ್ಟಿ, ಆ ಋತುವಿನಲ್ಲಿ ಬಸ್ಸಿಗೋ ಕಾಲ್ನಡಿಗೆಗೋ ಎಟುಕುವಷ್ಟು ದೂರದಲ್ಲಿ ಕಂಡದ್ದನ್ನು ಅದರಲ್ಲಿ ಬರೆದಿಡಬೇಕೆಂಬುದು ನನ್ನ ಆಸೆಯಾಗಿತ್ತು. ಮೊದಲನೆಯದು ಅಕ್ಟೋಬರ್ 31ರ ಹಬ್ಬಕ್ಕೆ, ಗತಿಸಿದವರನ್ನು ನೆನೆಯುವ ಇರುಳಿಗೆ. ಇಲ್ಲಿಯವರು ಅದನ್ನು ಉಚ್ಚರಿಸುವ ರೀತಿ ಕನ್ನಡದ ಕಿವಿಗೆ ‘ಸಾವಿನ್’ ಎಂದೇ ಕೇಳಿಸುತ್ತದೆ. ಮೊದಲ ಸಲ ಕೇಳಿದಾಗ ನಾನು ಬೆಚ್ಚಿದ್ದೆ. ಆ ಪುಸ್ತಕವನ್ನು ನಮ್ಮ ಹಳೆಯ ಕಾಲದ ಬಟ್ಟೆಯ ಕಡತದ ಕ್ರಮದಲ್ಲೇ ಮಾಡಿದೆ. ಹುಣಿಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ, ಬಟ್ಟೆಗೆ ಎರಡೂ ಬದಿ ಬಳಿದು ಒಣಗಿಸಿ, ಹಿಂದೆ ಮುಂದೆ ಮಡಚಿ, ಕಪ್ಪಾದ ಆ ಮೈಮೇಲೆ ಬಳಪದಿಂದ ಅಜ್ಜಿಯರ ಹೆಸರುಗಳನ್ನು ಬರೆದೆ. ಬಳಪದ ಬರಹ ಒರೆಸಿದರೆ ಹೋಗುತ್ತದೆ, ಆದ್ದರಿಂದ ಪ್ರತಿ ವರ್ಷವೂ ಹೊಸದಾಗಿ ಬರೆಯಬೇಕಾಗುತ್ತದೆ. ಅದಕ್ಕೆ ಬೇಕಾದ ಹುಣಿಸೆ ಬೀಜವನ್ನೂ ಬಳಪವನ್ನೂ ಊರಿನಿಂದ ಕಳಿಸಿದ ತಂಗಿಗೆ, ಹೊಲಿಗೆಯ ಪಾಠಗಳನ್ನು ನನಗೆ ದುಡ್ಡಿಲ್ಲದೆ ಮತ್ತೆ ಮೊದಲಿನಿಂದ ಹೇಳಿಕೊಟ್ಟ ಸಂಜೆ ತರಗತಿಯ ಗುರುಗಳಿಗೆ, ಸರದಿಯಂತೆ ಸಾರು ಅನ್ನ, ಗಂಜಿ, ನಿಂಬೆ ಉಪ್ಪಿನಕಾಯಿ ತಂದು ಬಾಗಿಲಲ್ಲಿಟ್ಟು ಗಂಟೆ ಬಾರಿಸಿ ಹೋಗುತ್ತಿದ್ದ ನಮ್ಮ ಬಡಾವಣೆಯ ಆರು ಮನೆಯವರಿಗೆ, ಮಗನನ್ನು ಎಷ್ಟೋ ರಾತ್ರಿ ತಮ್ಮ ಮಕ್ಕಳ ಜೊತೆ ಮಲಗಿಸಿಕೊಂಡ ಪಕ್ಕದ ಮನೆಯ ತೆಲುಗು ದಂಪತಿಗಳಿಗೆ ನನ್ನ ನಮಸ್ಕಾರ. ಕಾಯಿಲೆಯ ಉದ್ದಕ್ಕೂ ಮನೆ, ಕೆಲಸ, ಆಸ್ಪತ್ರೆಯ ಓಡಾಟ ಎಲ್ಲವನ್ನೂ ಹೊತ್ತ ನಮ್ಮ ಯಜಮಾನರಿಗೆ ಇಲ್ಲಿ ಹೇಳುವುದಕ್ಕಿಂತ ಮನೆಯಲ್ಲಿ ಹೇಳುವುದು ಹೆಚ್ಚಿದೆ.

ಇನ್ನು ಹೇಳಬೇಕಾದದ್ದು ಒಬ್ಬರ ಬಗ್ಗೆ.

ಅವರು ಎಪ್ಪತ್ತು ದಾಟಿದವರು, ಬಹಳ ವರ್ಷ ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿದವರು. ಎಂಟು ಹಬ್ಬಗಳಿಗೆ ಪ್ರಾಚೀನ ಕಲ್ಲುಗಳ ವೃತ್ತವಿರುವ ಏವ್‌ಬರಿ ಎಂಬ ಹಳ್ಳಿಯಲ್ಲಿ ಸೇರುವ ನಮ್ಮ ಹತ್ತು ಹನ್ನೆರಡು ಜನರ ಗುಂಪಿನಲ್ಲಿ ಅತ್ಯಂತ ಕಡಿಮೆ ಮಾತಿನವರು. ನಾನು ಅವರನ್ನು ಅಕ್ಕ ಎಂದು ಕರೆಯುತ್ತೇನೆ. ಆ ಪದದ ಅರ್ಥವನ್ನು ಒಮ್ಮೆ ಕೇಳಿ ತಿಳಿದುಕೊಂಡ ಮೇಲೆ ಅವರು ಬೇರೆ ಹೆಸರಿಗೆ ನನ್ನಿಂದ ಓಗೊಟ್ಟಿಲ್ಲ. ಏವ್‌ಬರಿಯ ಹತ್ತಿರದ ವೆಸ್ಟ್ ಕೆನೆಟ್‌ನ ಸಮಾಧಿದಿಬ್ಬ ಐದು ಸಾವಿರ ವರ್ಷಗಳಿಗೂ ಹಿಂದಿನದು, ಸುಮಾರು 100 ಮೀಟರ್ ಉದ್ದದ್ದು. ಭಕ್ತಿಯಿಂದ ಬರುವವರು ಅದರ ಕಲ್ಲಿನ ಕೋಣೆಗಳಲ್ಲಿ ಪುಟ್ಟ ಮೇಣದ ದೀಪಗಳನ್ನು ಹಚ್ಚಿಟ್ಟು ಹೋಗುತ್ತಾರೆ. ಜ್ವಾಲೆಯ ಕಾವಿಗೂ ಮಸಿಗೂ ಪ್ರಾಚೀನವಾದ ಆ ಕಲ್ಲು ಹಾಳಾಗುತ್ತದೆ. ಅಕ್ಕ ಪ್ರತಿ ಸಲವೂ ಚೀಲವೊಂದನ್ನು ಒಯ್ದು ಆ ದೀಪಗಳ ತಗಡಿನ ಬಟ್ಟಲುಗಳನ್ನು ಹೆಕ್ಕಿ ತರುತ್ತಾರೆ. ಏವ್‌ಬರಿಯ ದಿಬ್ಬದ ಮೇಲಿನ ಬೀಚ್ ಮರಗಳ ಕೊಂಬೆಗಳಿಗೆ ಜನ ಹರಕೆಯ ದಾರ ಕಟ್ಟುತ್ತಾರಲ್ಲ, ಅವುಗಳಲ್ಲಿ ಹತ್ತಿ, ಉಣ್ಣೆಯವನ್ನು ಹಾಗೆಯೇ ಬಿಟ್ಟು, ಕೊಳೆಯದೆ ಕೊಂಬೆಯನ್ನು ಬಿಗಿಯುವ ನೈಲಾನ್ ರಿಬ್ಬನ್‌ಗಳನ್ನು ಮಾತ್ರ ಬಿಡಿಸುತ್ತಾರೆ. ಬಿಡಿಸುವಾಗ ಅವರ ತುಟಿ ಅಲುಗುತ್ತಿರುತ್ತದೆ. ಯಾರದೋ ಬೇಡಿಕೆಯ ಗಂಟನ್ನು ಬಿಚ್ಚುತ್ತಿರುವುದಕ್ಕೆ ಕ್ಷಮೆ ಕೇಳುತ್ತಾರಂತೆ. ಪೇಗನ್ ಬದುಕೆಂದರೇನು ಎಂಬುದನ್ನು ನಾನು ಮಂತ್ರಗಳಿಗಿಂತ ಹೆಚ್ಚಾಗಿ ಆ ಚೀಲದಿಂದ ಕಲಿತೆ.

ಐದು ಪುಸ್ತಕಗಳು ಮುಗಿದು, ಆರನೆಯದಾದ ನಡುಬೇಸಿಗೆಯ ಪುಸ್ತಕಕ್ಕೆ ಕಾಗದ ಮಡಚುತ್ತಿದ್ದಾಗ ನನ್ನ ಕಾಯಿಲೆಯ ಸುದ್ದಿ ಬಂತು. ಚಿಕಿತ್ಸೆ ಮುಂದುವರಿದಂತೆ ಬೆರಳ ತುದಿಗಳು ಮರಗಟ್ಟಿದವು. ಹೊಲಿಯಲು ಕೂತರೆ ಸೂಜಿ ಚುಚ್ಚಿದ್ದು ತಿಳಿಯುತ್ತಿರಲಿಲ್ಲ, ಹಾಳೆಯ ಮೇಲೆ ರಕ್ತದ ಚುಕ್ಕೆ ಕಂಡ ಮೇಲೆಯೇ ತಿಳಿಯುತ್ತಿತ್ತು. ದಬ್ಬಳದಿಂದ ರಂಧ್ರಗಳನ್ನು ಚುಚ್ಚಿ ಸಿದ್ಧವಾಗಿದ್ದ ಆರು ಫಾರಂಗಳನ್ನೂ (ಒಟ್ಟಿಗೆ ಮಡಚಿದ ಹಾಳೆಗಳ ಕಟ್ಟುಗಳು) ಜೇನುಮೇಣ ಸವರಿದ ಅಗಸೆ ನಾರಿನ ದಾರವನ್ನೂ ಒಂದು ಬಟ್ಟೆಚೀಲಕ್ಕೆ ಹಾಕಿ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದೆ.

ಸೆಪ್ಟೆಂಬರಿನ ಆ ರಾತ್ರಿ ಜ್ವರ 38 ಡಿಗ್ರಿ ದಾಟಿತು. ದಾಟಿದರೆ ಬೆಳಗಿನವರೆಗೆ ಕಾಯದೆ ಹೊರಡಬೇಕೆಂದು ಮೊದಲೇ ಹೇಳಿದ್ದರು. ಯಜಮಾನರು ಮಾವನವರ ವರ್ಷಾಬ್ದಿಕಕ್ಕೆಂದು ನಾನೇ ಒತ್ತಾಯ ಮಾಡಿ ಕಳಿಸಿದ್ದರಿಂದ ಊರಿನಲ್ಲಿದ್ದರು. ಅಕ್ಕನಿಗೆ ಫೋನ್ ಮಾಡಿದೆ. ರಾತ್ರಿಯುಡುಪಿನ ಮೇಲೆಯೇ ಕೋಟು ಹಾಕಿಕೊಂಡು, ಫ್ಲಾಸ್ಕಿನಲ್ಲಿ ಬಿಸಿನೀರು ತುಂಬಿಕೊಂಡು, ಹಳ್ಳಿಯಿಂದ ಕಾರು ಓಡಿಸಿಕೊಂಡು ಬಂದರು. ಮಗನನ್ನು ಪಕ್ಕದ ಮನೆಗೆ ದಾಟಿಸಿ, ಆಸ್ಪತ್ರೆಗೆಂದು ಕಟ್ಟಿಟ್ಟ ಚೀಲವೆಂದುಕೊಂಡು ಬಾಗಿಲ ಹಿಂದಿದ್ದ ಚೀಲವನ್ನೇ ಅವರು ಹೆಗಲಿಗೇರಿಸಿದ್ದು ನಮ್ಮಿಬ್ಬರ ಗಮನಕ್ಕೂ ಬರಲಿಲ್ಲ. ಆಸ್ಪತ್ರೆಯ ಪಡಸಾಲೆಯ ಕುರ್ಚಿಯಲ್ಲಿ ಕೂತು ನೋಡಿದಾಗ ಅದರಲ್ಲಿದ್ದದ್ದು ಬಟ್ಟೆ, ಸಾಬೂನುಗಳ ಬದಲು ಆ ಆರು ಫಾರಂಗಳು.

ರಕ್ತ ತೆಗೆದುಕೊಂಡು ಹೋದರು, ಔಷಧದ ನಳಿಕೆ ಹಾಕಿದರು, ಹಾಸಿಗೆ ಸಿಗುವವರೆಗೆ ಅಲ್ಲೇ ಇರಬೇಕಾಯಿತು. ಗಂಟೆ ಮೂರರ ಹೊತ್ತಿಗೆ ನಡುಕ ಹೆಚ್ಚಾಯಿತು. ಎಷ್ಟೋ ಹಬ್ಬಗಳಲ್ಲಿ ನಾಲ್ಕು ದಿಕ್ಕುಗಳನ್ನೂ ಹೆಸರಿಟ್ಟು ಕರೆದಿದ್ದ ನಾನು ಆ ಹೊತ್ತಿನಲ್ಲಿ ಯಾವ ದೇವತೆಯನ್ನೂ ಕರೆಯಲಿಲ್ಲ. ಕರೆಯಲು ಒಂದು ಹೆಸರೂ ನಾಲಿಗೆಗೆ ಬರಲಿಲ್ಲ. ನನಗೆ ಸಾಯುವುದಕ್ಕೆ ಇಷ್ಟವಿಲ್ಲ, ಮಗ ಇನ್ನೂ ಚಿಕ್ಕವನು ಎಂದು ಕನ್ನಡದಲ್ಲಿ ಹೇಳಿದೆ. ಮತ್ತೆ ಮತ್ತೆ ಅದನ್ನೇ ಹೇಳಿದೆ, ಜೋರಾಗಿ ಹೇಳಿದೆ. ಅಕ್ಕನಿಗೆ ನನ್ನ ಮಾತು ಅರ್ಥವಾಗಲಿಲ್ಲ, ಅರ್ಥವಾದಂತೆ ಅವರು ತೋರಿಸಿಕೊಳ್ಳಲೂ ಇಲ್ಲ. ನಾನು ಸುಮ್ಮನಾಗುವವರೆಗೂ ಕೈ ಹಿಡಿದುಕೊಂಡಿದ್ದರು. ಆಮೇಲೆ ಚೀಲದಿಂದ ಮೊದಲ ಫಾರಂ ತೆಗೆದು, ತಮ್ಮ ಕನ್ನಡಕವನ್ನು ಒರೆಸಿಕೊಂಡು, ಸೂಜಿಗೆ ದಾರ ಪೋಣಿಸಿ, ಎಲ್ಲಿಂದ ಶುರುಮಾಡಬೇಕು ಎಂದು ಕೇಳಿದರು.

ಅವರು ಅದುವರೆಗೆ ಒಂದು ಪುಸ್ತಕವನ್ನೂ ಹೊಲಿದವರಲ್ಲ. ನಾನು ಕೋಪ್ಟಿಕ್ ಹೊಲಿಗೆಗೆಂದು ಸಿದ್ಧಮಾಡಿಟ್ಟಿದ್ದೆ. ಈಜಿಪ್ಟಿನ ಆದಿ ಕ್ರೈಸ್ತರ ಕಾಲದಿಂದ ಬಂದ ಆ ಹೊಲಿಗೆಯಲ್ಲಿ ಪುಸ್ತಕದ ಬೆನ್ನಿಗೆ ಅಂಟು ಬೀಳುವುದಿಲ್ಲ. ಪ್ರತಿ ಫಾರಂ ತನ್ನ ಕೆಳಗಿನ ಫಾರಂನ ಹೊಲಿಗೆಗೇ ಕೊಂಡಿ ಹಾಕಿಕೊಂಡು ನಿಲ್ಲುತ್ತದೆ, ಬೆನ್ನಿನ ಮೇಲೆ ಜಡೆಯಂತೆ ಕಾಣುತ್ತದೆ, ಪುಸ್ತಕ ಯಾವ ಪುಟಕ್ಕೆ ಬಿಡಿಸಿದರೂ ಸಪಾಟಾಗಿ ಮಲಗುತ್ತದೆ. ಒಳಗಿನಿಂದ ಹೊರಕ್ಕೆ ಬನ್ನಿ, ಕೆಳಗಿನ ಹೊಲಿಗೆಯ ಹಿಂದೆ ಸೂಜಿ ದಾಟಿಸಿ, ಅದೇ ರಂಧ್ರದಿಂದ ಒಳಗೆ ಹೋಗಿ, ದಾರವನ್ನು ಮಡಿಕೆಯ ಉದ್ದಕ್ಕೇ ಎಳೆಯಿರಿ, ಮೇಲಕ್ಕೆ ಎಳೆದರೆ ಕಾಗದ ಹರಿಯುತ್ತದೆ ಎಂದು ನಾನು ಹೇಳುತ್ತಾ ಹೋದೆ, ಅವರು ಹೊಲಿಯುತ್ತಾ ಹೋದರು. ನಡುಕ ಬಂದು ನನ್ನ ಮಾತು ನಿಂತಾಗಲೆಲ್ಲ ಅವರು ತಲೆಯೆತ್ತಿ, ಮುಂದಿನ ತೂತು ಯಾವುದು ಎಂದು ಕೇಳುತ್ತಿದ್ದರು. ನಾನು ಉತ್ತರ ಹೇಳಲೇಬೇಕಾಗುತ್ತಿತ್ತು. ಅವರು ನನಗೆ ಧೈರ್ಯದ ಮಾತು ಹೇಳಲಿಲ್ಲ, ಎಲ್ಲ ಸರಿಹೋಗುತ್ತದೆ ಎನ್ನಲಿಲ್ಲ, ಪ್ರಾರ್ಥನೆಯನ್ನೂ ಮಾಡಲಿಲ್ಲ. ಬೆಳಗಿನ ಆರಕ್ಕೆ ಹಾಸಿಗೆ ಸಿಕ್ಕಿತೆಂದು ಕರೆಯಲು ಬಂದಾಗ ನಾಲ್ಕು ಫಾರಂಗಳು ಒಂದಕ್ಕೊಂದು ಕೂಡಿಕೊಂಡಿದ್ದವು.

ಮೂರನೆಯ ಫಾರಂನಲ್ಲಿ ಎರಡು ಕಡೆ ದಾರ ಸಡಿಲಾಗಿದೆ, ಒಂದು ಕಡೆ ಕೊಂಡಿ ತಪ್ಪಿದೆ. ಹೊಲಿಗೆಯ ಕೆಲಸ ಬಲ್ಲವರು ಕಳೆದ ಶನಿವಾರ ಆ ಪುಸ್ತಕವನ್ನು ಎತ್ತಿಕೊಂಡ ಕೂಡಲೇ ಅದನ್ನು ಗುರುತಿಸಿದರು, ಬಿಚ್ಚಿ ಸರಿಮಾಡಿಕೊಡುತ್ತೇನೆಂದು ಒಬ್ಬರು ಪ್ರೀತಿಯಿಂದ ಹೇಳಿದರು. ಅವರಿಗೂ ವಂದನೆಗಳು. ಆ ಹೊಲಿಗೆಯನ್ನು ನಾನು ಬಿಚ್ಚುವುದಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಅಕ್ಕ ನನ್ನನ್ನು ನಡೆಸಿದರು. ಈ ಮಾತನ್ನು ಅಕ್ಷರಶಃ ಹೇಳುತ್ತಿದ್ದೇನೆ. ಇದೇ ಸೀಮೆಯ ಇನ್ನೊಂದು ಕಲ್ಲುವೃತ್ತವಾದ ಸ್ಟೋನ್‌ಹೆಂಜ್‌ನಲ್ಲಿ ಸಾಮಾನ್ಯ ದಿನಗಳಲ್ಲಿ ಕಲ್ಲುಗಳನ್ನು ದೂರದಿಂದ ನೋಡಬೇಕು, ಏವ್‌ಬರಿಯಲ್ಲಿ ಹತ್ತಿರ ಹೋಗಿ ಮುಟ್ಟಬಹುದು, ಒರಗಬಹುದು. ಆ ಊರಿನ ಒಂದು ಭಾಗವೂ ರಸ್ತೆಯೂ ವೃತ್ತದ ಒಳಗೇ ಇವೆ, ಕಲ್ಲುಗಳ ನಡುವೆ ಕುರಿಗಳು ಮೇಯುತ್ತವೆ. 1930ರ ದಶಕದಲ್ಲಿ ಪುರಾತತ್ವಜ್ಞ ಅಲೆಕ್ಸಾಂಡರ್ ಕೀಲರ್ ಮಣ್ಣಿನಲ್ಲಿ ಹೂತುಹೋಗಿದ್ದ ಕಲ್ಲುಗಳನ್ನು ಎತ್ತಿ ನಿಲ್ಲಿಸಿ, ಒಡೆದು ಕಳೆದುಹೋದವುಗಳ ಜಾಗದಲ್ಲಿ ಸಣ್ಣ ಕಾಂಕ್ರೀಟ್ ಗುರುತುಗಳನ್ನು ನೆಡಿಸಿದರು. ನನ್ನ ನಡಿಗೆಯ ಅಳತೆಗೋಲು ಅವೇ ಆಗಿದ್ದವು. ಮೊದಲ ವಾರ ಒಂದು ಗುರುತಿನವರೆಗೆ, ಮುಂದಿನ ವಾರ ಎರಡರವರೆಗೆ ಹೋಗಿ ತಿರುಗಿ ಬಸ್ ನಿಲ್ದಾಣಕ್ಕೆ ಬರುತ್ತಿದ್ದೆವು. ಫೆಬ್ರವರಿಯಲ್ಲಿ ಬೀಚ್ ಮರಗಳ ಬೇರಿನ ಮೇಲೆ ಕೂತೆ. ಮೇ ತಿಂಗಳಲ್ಲಿ ವೆಸ್ಟ್ ವುಡ್ಸ್ ಕಾಡಿನಲ್ಲಿ ನೀಲಿಹೂ ನೆಲ ತುಂಬಿದ್ದಾಗ ಒಂದು ಗಂಟೆ ನಡೆದೆ. ಸ್ಟೋನ್‌ಹೆಂಜ್‌ನ ದೊಡ್ಡ ಕಲ್ಲುಗಳಲ್ಲಿ ಹೆಚ್ಚಿನವು ಆ ಪರಿಸರದವೆಂದು 2020ರಲ್ಲಿ ಪತ್ತೆಯಾಗಿದೆ.

ಕೊನೆಯ ಪುಸ್ತಕದ ಶಾಯಿಗೆ ಸ್ಯಾವರ್ನೇಕ್ ಕಾಡಿನ ಓಕ್ ಮರಗಳ ಕೆಳಗೆ ಕಾಯಿಗಂಟುಗಳನ್ನು ಆಯ್ದೆವು. ಮರದಲ್ಲಿ ಕಣಜದ ಜಾತಿಯ ಹುಳು ಮೊಟ್ಟೆಯಿಟ್ಟಾಗ ಹುಟ್ಟುವ ಗಂಟು ಅದು. ನಮ್ಮಲ್ಲಿ ಮಕ್ಕಳಿಗೆ ಬಜೆ, ಅಳಲೆಕಾಯಿಗಳ ಜೊತೆ ತೇಯ್ದು ನೆಕ್ಕಿಸುವ ಮಾಚಿಕಾಯಿಯೂ ಬೇರೊಂದು ಓಕ್ ಮರದ ಇಂಥದೇ ಗಂಟೆಂದು ನನಗೆ ಆಗಲೇ ಹೊಳೆದದ್ದು. ಕುಟ್ಟಿ ಮಳೆನೀರಿನಲ್ಲಿ ನೆನೆಸಿ, ಅನ್ನಭೇದಿಯನ್ನೂ ಗೋಂದನ್ನೂ ಸೇರಿಸಿ ಶಾಯಿ ಮಾಡಿದೆ. ಬರೆದ ಕ್ಷಣದಲ್ಲಿ ತೆಳ್ಳಗಿರುವ ಅಕ್ಷರ ಗಾಳಿ ತಾಗಿದಂತೆ ಕಪ್ಪಾಗುತ್ತದೆ. ಅದನ್ನು ನೋಡುತ್ತಾ ಅಕ್ಕ ಬಹಳ ಹೊತ್ತು ಮೇಜಿನ ಬಳಿ ನಿಂತಿದ್ದರು.

ಈ ಬರಹವನ್ನು ಅವರಿಗೆ ಓದಲಾಗದು. ಬರುವ ಭಾನುವಾರ ಅವರ ಅಡುಗೆಮನೆಯಲ್ಲಿ ಕೂತು, ಮೊದಲು ಕನ್ನಡದಲ್ಲಿ ಪೂರ್ತಿ ಓದಿ, ಆಮೇಲೆ ಒಂದೊಂದೇ ವಾಕ್ಯದ ಅರ್ಥ ಹೇಳಬೇಕೆಂದಿದ್ದೇನೆ. ಅಂದು ಪಡಸಾಲೆಯಲ್ಲಿ ಕನ್ನಡದಲ್ಲಿ ನಾನು ಏನು ಹೇಳುತ್ತಿದ್ದೆನೆಂದು ಅವರು ಇಂದಿನವರೆಗೂ ಕೇಳಿಲ್ಲ, ಅದನ್ನೂ ಆಗ ತಿಳಿಸುತ್ತೇನೆ. ನಡುಬೇಸಿಗೆಯ ಪುಸ್ತಕ ಅವರಿಗೆಂದೇ ಇಟ್ಟದ್ದು. ಅವರ ಫ್ಲಾಸ್ಕ್ ಆ ರಾತ್ರಿಯಿಂದ ನಮ್ಮ ಮನೆಯಲ್ಲೇ ಉಳಿದಿದೆ, ಅದನ್ನೂ ತೊಳೆದು ಒಯ್ಯುತ್ತೇನೆ.