ಎರಡು ನಿಮಿಷದ ಉತ್ತರ

ಹಾಸನ
ಮಂಗಳವಾರ ರಾತ್ರಿ

ಅಮ್ಮಣ್ಣಿ,

ನೀನು ನನ್ನೊಂದಿಗೆ ಮಾತು ಬಿಟ್ಟು ಇವತ್ತಿಗೆ ಹನ್ನೊಂದು ದಿನ. ಅಮ್ಮನಿಗೆ ಫೋನ್ ಮಾಡುತ್ತೀಯ, ಊಟದ ವಿಷಯ ಹೇಳುತ್ತೀಯ, ನನ್ನ ಹೆಸರು ಬಂದ ಕೂಡಲೇ ಕ್ಲಾಸಿಗೆ ಹೊತ್ತಾಯಿತು ಎನ್ನುತ್ತೀಯಂತೆ. ಚಿಕ್ಕಂದಿನಲ್ಲಿ ಠೂ ಬಿಟ್ಟರೆ ಸಂಜೆಯೊಳಗೆ ರಾಜಿಯಾಗುತ್ತಿತ್ತು. ಈಗ ನೀನು ಚೆನ್ನೈನಲ್ಲಿದ್ದೀಯ, ಸಂಜೆಗೆ ಬಂದು ತಟ್ಟೆಯ ಮುಂದೆ ಕೂರುವುದಿಲ್ಲ. ಅದಕ್ಕೇ ಕಾಗದ.

ತಪ್ಪು ನನ್ನದೇ. 9 ನಿಮಿಷ 40 ಸೆಕೆಂಡಿನ ಪಿಯಾನೊ ರೆಕಾರ್ಡಿಂಗ್ ಕಳಿಸಿ, "ಅಪ್ಪಾ, ಮುಂದಿನ ತಿಂಗಳು ಪರೀಕ್ಷೆಗೆ ಇದನ್ನೇ ನುಡಿಸಬೇಕು, ಹೇಗಿದೆ ನಿಜ ಹೇಳು" ಎಂದು ಕೇಳಿದೆ. ಎರಡೇ ನಿಮಿಷಕ್ಕೆ ನಾನು "ತುಂಬಾ ಚೆನ್ನಾಗಿದೆ ಮಗಳೇ" ಎಂದು ಬರೆದು, ಕೈಮುಗಿಯುವ ಚಿತ್ರವನ್ನೂ ಅಂಟಿಸಿದೆ. ಲೆಕ್ಕದಲ್ಲಿ ನೀನು ಯಾವಾಗಲೂ ನನಗಿಂತ ಚುರುಕು. "ಒಂಬತ್ತು ನಿಮಿಷದ್ದನ್ನು ಎರಡು ನಿಮಿಷದಲ್ಲಿ ಹೇಗೆ ಕೇಳಿದೆ?" ಎಂದು ಬಂತು. ಅದನ್ನು ತಡೆದುಕೊಳ್ಳಬಹುದಿತ್ತು. ಅದರ ಹಿಂದೆಯೇ ಇನ್ನೊಂದು ಸಾಲು: "ಇಲ್ಲಿ ಎಲ್ಲರೂ ನನ್ನ ಬೆರಳು ನೋಡುತ್ತಾರೆ. ಕಿವಿಯಿಂದ ಕೇಳುವವನು ನೀನೊಬ್ಬನೇ ಎಂದುಕೊಂಡಿದ್ದೆ."

ಆಮೇಲೆ ಕೇಳಿದೆ. ಪಕ್ಕದ ಮನೆಯ ಹುಡುಗನಿಂದ ಇಯರ್‌ಫೋನ್ ಕೇಳಿ ಪಡೆದು, ಅರಕಲಗೂಡಿಗೆ ಹೋಗುವ ಬಸ್ಸಿನಲ್ಲಿ, ತಾಲೀಮು ಮುಗಿಸಿ ಬರುವ ಬಸ್ಸಿನಲ್ಲಿ, ರಾತ್ರಿ ಜಗಲಿಯ ಮೇಲೆ. ಎಷ್ಟು ಸಲವೆಂದು ಎಣಿಸಿಲ್ಲ. ಇಯರ್‌ಫೋನ್ ಇನ್ನೂ ನನ್ನ ಹತ್ತಿರವೇ ಇದೆ, ಹುಡುಗ ಮುಖ ಸಿಂಡರಿಸುತ್ತಿದ್ದಾನೆ. ಕೊನೆಗೆ ಹಾರ್ಮೋನಿಯಂ ಮುಂದೆ ಕುಳಿತು ನಿನ್ನ ಹಿಂದೆಯೇ ಒಂದೊಂದು ಸಾಲು ಹುಡುಕಿದೆ. ಶೋಪಾನ್ ಎನ್ನುವವನು ಅದನ್ನು ಏನೆಂದು ಕರೆದನೋ, ಜಿ ಮೈನರ್ ಬಲಾಡ್, ಓಪಸ್ 23, ಇರಲಿ. ಕುರುಕ್ಷೇತ್ರ ನಾಟಕ ಕಲಿಸುವ ಈ ಹಾರ್ಮೋನಿಯಂ ಮೇಷ್ಟ್ರಿಗೆ ಅದು ಬಿಳಿ ಐದು ಶ್ರುತಿ, ಪೆಟ್ಟಿಗೆಯ ಐದನೆಯ ಬಿಳಿ ಮನೆಯೇ (ಕೀ) 'ಸ', ಷಡ್ಜ; ಕೀರವಾಣಿ ರಾಗದ ನೆರಳು. ನಡುವೆ ಮೆಲ್ಲಗೆ ಒಂದು ಹಾಡು ಬರುತ್ತದಲ್ಲ, ಅಲ್ಲಿ ಷಡ್ಜವೇ ಕಪ್ಪು ಎರಡಕ್ಕೆ ಹೋಗಿ ಕೂರುತ್ತದೆ, ಅಪ್ಪಟ ಶಂಕರಾಭರಣ. ಅದೇ ಹಾಡು ಮತ್ತೆ ಬರುವಾಗ ಬಿಳಿ ಆರರಲ್ಲಿ, ಗಂಟಲು ಬಿಚ್ಚಿ. ನಮ್ಮಲ್ಲಿ ಒಂದೇ ಪದದಲ್ಲಿ ಹೀಗೆ ಮನೆಯಿಂದ ಮನೆಗೆ ಅಲೆದರೆ ಊರವರು ಮೇಷ್ಟ್ರನ್ನೇ ಬದಲಿಸುತ್ತಾರೆ. ಈ ಮನುಷ್ಯ ಅಲೆದೂ ದಾರಿ ತಪ್ಪುವುದಿಲ್ಲ.

ಈಗ ನಿಜ ಹೇಳುತ್ತೇನೆ.

ನಿನ್ನ ಎಡಗೈ ಜೋರು. ಹಾಡುಗಾರನನ್ನು ತಬಲಾದವನು ಮುಳುಗಿಸಿದ ಹಾಗೆ. ಹಾರ್ಮೋನಿಯಂ ಹೊರಗಿಡಬೇಕೆಂದು ಆಕಾಶವಾಣಿ 1940ರಲ್ಲಿ ತೀರ್ಮಾನಿಸಿ 1971ರವರೆಗೆ ಒಳಗೆ ಬಿಡಲಿಲ್ಲ, ಸ್ವರವನ್ನು ಓಲಾಡಿಸುವ ಗಮಕ ಬಾರದ ಪೆಟ್ಟಿಗೆ ಎಂದು. ನಿನ್ನ ಪಿಯಾನೊಗೂ ಗಮಕ ಬಾರದು, ಅದನ್ನು ಯಾರೂ ಬೈಯಲಿಲ್ಲ. ಆದರೆ ಅದಕ್ಕೆ ನನ್ನ ಪೆಟ್ಟಿಗೆಗೆ ಇಲ್ಲದ ಒಂದು ಗುಣವಿದೆ. ನನ್ನದರಲ್ಲಿ ತಿದಿಯ ಗಾಳಿ ಎಲ್ಲ ಮನೆಗಳಿಗೂ ಸಮಪಾಲು. ಒಂದು ಬೆರಳಿಗೆ ಮೆಲ್ಲಗೆ, ಇನ್ನೊಂದಕ್ಕೆ ಜೋರಾಗಿ ಎಂದರೆ ಆಗದು. ನಿನ್ನ 88 ಮನೆಗಳಲ್ಲಿ ಒಂದೊಂದೂ ಬೆರಳಿನ ಮಾತು ಬೇರೆ ಬೇರೆಯಾಗಿ ಕೇಳುತ್ತದೆ. ಆ ಭಾಗ್ಯ ಸಿಕ್ಕಿದ್ದೂ ನೀನು ಹಾರ್ಮೋನಿಯಂ ಹಾಗೆ ನುಡಿಸಿದರೆ ನನಗೆ ಹೊಟ್ಟೆಯುರಿಯುತ್ತದೆ.

ಇನ್ನೊಂದು. ಬಿಳಿ ಆರರಲ್ಲಿ ಅಬ್ಬರಿಸುವ ಜಾಗದಲ್ಲೇ ಇದ್ದ ಕಸುವನ್ನೆಲ್ಲ ಚೆಲ್ಲಿಬಿಟ್ಟೆ. ಅಷ್ಟರಲ್ಲಿ ಅರ್ಧವೂ ಮುಗಿದಿರಲಿಲ್ಲ. ನಮ್ಮ ಈ ವರ್ಷದ ದುರ್ಯೋಧನನದೂ ಇದೇ ಕಥೆ. ಪಾತ್ರಕ್ಕೆ ದುಡ್ಡು ಕೊಟ್ಟಿದ್ದೇನೆಂದು ಮೊದಲ ದರ್ಬಾರಿನಲ್ಲೇ ಕಿರುಚುತ್ತಾನೆ. ಬೆಳಗಿನ ಜಾವ ತೊಡೆ ಮುರಿಯುವ ಹೊತ್ತಿಗೆ ಗಂಟಲಿನಲ್ಲಿ ಗಾಳಿ ಮಾತ್ರ ಇರುತ್ತದೆ. ನಿನ್ನ ಕೋಡಾ, ಆ ಮುಕ್ತಾಯದ ಭಾಗ, ಕೊನೆಯಲ್ಲಿ ಬೆಂಕಿಯಂತೆ ಹೋಗಬೇಕೆಂದು ಆ ಶೋಪಾನ್ ಪುಣ್ಯಾತ್ಮನೇ ಬರೆದಿಟ್ಟಿದ್ದಾನಂತೆ. ಬೆಂಕಿಗೆ ಸೌದೆ ಉಳಿಸಿಕೊಳ್ಳದೆ ಹೇಗೆ? ಕಾಲಿನ ಪೆಡಲ್ಲನ್ನೂ ಅಲ್ಲಿ ಎತ್ತುವುದೇ ಇಲ್ಲ ನೀನು, ಸ್ವರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗಿವೆ.

ಮೊಬೈಲಿನಲ್ಲಿ ಬೇರೆಯವರು ನುಡಿಸಿದ್ದನ್ನು ದಿನಕ್ಕೆ ಹತ್ತು ಸಲ ನೋಡುವುದನ್ನು ಬಿಡು. ರಾತ್ರಿ ಹನ್ನೆರಡರ ತನಕ ಕೂರಬೇಡ. ಮಣಿಕಟ್ಟು ನೋಯುತ್ತದೆ ಎಂದು ಅಮ್ಮನಿಗೆ ಹೇಳಿದೆಯಂತೆ. ನೋವಿದ್ದಾಗ ನುಡಿಸುವುದು ಶ್ರದ್ಧೆಯಲ್ಲ, ಹಟ. ನಿಧಾನಕ್ಕೆ ನುಡಿಸಲು ಬಾರದ್ದು ಬೇಗ ನುಡಿಸಿದರೆ ಬಂದೀತೇ? ಎರಡು ಕೈಯನ್ನೂ ಬೇರೆ ಬೇರೆ ಕೂರಿಸು, ಬಾಯಲ್ಲಿ ಹಾಡಿಕೊಂಡು ಕೂರಿಸು. ನೋಡು, ಇಷ್ಟು ದಿನ ಇದಕ್ಕೇ ಹೆದರಿದ್ದು. ನಿಜ ಹೇಳು ಎಂದರೆ ಮೇಷ್ಟ್ರು ಎದ್ದು ಕೂತುಬಿಡುತ್ತಾನೆ, ಅಪ್ಪ ಮೂಲೆಗೆ ಸರಿಯುತ್ತಾನೆ.

ನಿಜವಾಗಿ ಹೇಳಬೇಕಾದದ್ದು 8 ನಿಮಿಷ 22ನೇ ಸೆಕೆಂಡಿನ ವಿಷಯ. ಕೋಡಾ ಹಿಡಿದು ಬಿರುಸಾಗಿ ಹೋಗುತ್ತಿರುವೆ, ಒಂದು ಸ್ವರ ತಪ್ಪಿತು. ತಪ್ಪಲಿ, ಆ ಓಟದಲ್ಲಿ ಯಾರಿಗೆ ತಪ್ಪುವುದಿಲ್ಲ. ತಪ್ಪಿದ ಮೇಲೆ ಕಣ್ಣು ಮಿಟುಕಿಸುವಷ್ಟು ಹೊತ್ತು ನಿಂತೆ. ಮುಂದಿನ ಸ್ವರ ಹುಡುಕಲು ನಿಂತದ್ದಲ್ಲ ಅದು. ಅಳುಕು. ಯಾರೋ ಬಂದು ಕೈ ತಳ್ಳುತ್ತಾರೆಂದು ಕಾದ ಹಾಗೆ. ಅದನ್ನು ಮೊದಲ ಸಲ ಕೇಳಿದಾಗ ಬಸ್ಸು ಗೊರೂರು ದಾಟುತ್ತಿತ್ತು. ಇಯರ್‌ಫೋನ್ ತೆಗೆದು ಕಿಟಕಿಯ ಆಚೆ ನೋಡುತ್ತಾ ಕುಳಿತೆ.

ದುದ್ದದ ಹತ್ತಿರದ ಆ ಊರಿನ ನಾಟಕ. ನಿನಗೆ ಹನ್ನೆರಡು ವರ್ಷ. ಬೇಡವೆಂದರೂ ಬಂದಿದ್ದೆ, ಕಾಲು ಹಾರ್ಮೋನಿಯಂ ತುಳಿಯಲು ಕಾಲು ಸರಿಯಾಗಿ ಎಟುಕುತ್ತಿರಲಿಲ್ಲ, ಸ್ಟೂಲಿನ ತುದಿಗೆ ಜಾರಿಕೊಂಡು ಕೂತಿದ್ದೆ. ದ್ರೌಪದಿಯ ಒಂದು ಪದಕ್ಕೆ ನೀನೇ ನುಡಿಸು ಎಂದು ಕೊಟ್ಟೆ. ಊರಿನವರ ಮುಂದೆ ಮಗಳನ್ನು ತೋರಿಸುವ ಚಪಲ, ಇನ್ನೇನಲ್ಲ. ಬಿಳಿ ಐದರಲ್ಲಿ ಶುರುವಾಯಿತು. ಎರಡನೆಯ ಸಾಲಿಗೆ ನಿನ್ನ ಬೆರಳುಗಳು ಕಪ್ಪು ನಾಲ್ಕಕ್ಕೆ ಹೋದವು. ನಾನು ನಿನ್ನ ಕೈ ತಳ್ಳಿದೆ. ತಳ್ಳಿದೆ ಎಂದರೆ ಸುಳ್ಳು, ಹೊಡೆದೆ. ಮೈಕು ಹಾರ್ಮೋನಿಯಂ ಪಕ್ಕದಲ್ಲೇ ಇತ್ತಲ್ಲ, ಆ ಏಟಿನ ಸದ್ದು ಊರಾಚೆಯ ಮರಕ್ಕೆ ಕಟ್ಟಿದ್ದ ಹಾರನ್ನಿನ ತನಕ ಹೋಯಿತು. ಇದೂ ನಾಟಕದ ಹಾಸ್ಯವೆಂದುಕೊಂಡು ಜನ ನಕ್ಕರು. ನೀನು ಅಳಲಿಲ್ಲ. ಸ್ಟೂಲಿನಿಂದ ಇಳಿದು ಸೀನರಿಯ ಹಿಂದೆ ಹೋದೆ.

ಈ ಭಾಗ ನಿನಗೆ ಗೊತ್ತಿದೆ. ಗೊತ್ತಿಲ್ಲದ್ದು ಇದು. ಜಾರಿದ್ದು ದ್ರೌಪದಿ. ಆಕೆಯೇ ಎರಡನೆಯ ಸಾಲಿಗೆ ಅರ್ಧ ಸ್ವರ ಮೇಲಕ್ಕೆ ಹೋಗಿದ್ದಳು, ನೀನು ಆಕೆಯ ಗಂಟಲನ್ನು ಹಿಡಿದು ಅಲ್ಲಿಗೇ ಹೋದೆ. ಹನ್ನೆರಡು ವರ್ಷದ ಮಗು! ನನ್ನ ಬಳಿ ಹತ್ತು ವರ್ಷ ಕಲಿತವರು ಮಾಡಲಾರದ ಕೆಲಸ. ನಾನು ಪೆಟ್ಟಿಗೆಯನ್ನು ಕೇಳುತ್ತಿದ್ದೆ, ನೀನು ಹಾಡನ್ನು ಕೇಳುತ್ತಿದ್ದೆ. ಮೂರನೆಯ ಸಾಲಿನಲ್ಲಿ ನಾನೇ ಬಿಳಿ ಐದರಲ್ಲಿ ಒಬ್ಬಂಟಿಯಾಗಿ ನಿಂತಾಗ ಗೊತ್ತಾಯಿತು. ಬೆಳಿಗ್ಗೆ ವೇಷದ ಪೆಟ್ಟಿಗೆಯ ಮೇಲೆ ಮಲಗಿದ್ದ ನಿನ್ನನ್ನು ಎಬ್ಬಿಸುವಾಗ ಹೇಳಬೇಕೆಂದುಕೊಂಡೆ. ಬಸ್ಸಿನಲ್ಲಿ ಹೇಳೋಣವೆಂದುಕೊಂಡೆ. ನಿನಗೆ ಹೋಟೆಲಿನಲ್ಲಿ ದೋಸೆ ಕೊಡಿಸಿದೆ. ಹೇಳಲಿಲ್ಲ. ಮುಂದಿನ ತಿಂಗಳಿನಿಂದ ನೀನು ಸಿಸ್ಟರುಗಳ ಶಾಲೆಯ ಆ ಹಳೆಯ ಪಿಯಾನೊ ಹಿಡಿದೆ, ಹಾರ್ಮೋನಿಯಂ ಮುಟ್ಟಲಿಲ್ಲ. ಮಗಳಿಗೆ ದೊಡ್ಡ ವಾದ್ಯ ಒಲಿಯಿತು ಎಂದು ಊರಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ಅಂದಿನಿಂದ ನೀನು ಏನು ನುಡಿಸಿದರೂ ಚೆನ್ನಾಗಿದೆ ಎಂದೇ ಹೇಳಿದ್ದೇನೆ. ಕೈ ಹೊಡೆದ ಅಪ್ಪನಿಗೆ ಬಾಯಿಯೂ ಇರಬಾರದು ಎಂದು ನಾನೇ ಹಾಕಿಕೊಂಡ ಶಿಕ್ಷೆ. ಅದರಿಂದ ಶಿಕ್ಷೆಯಾದದ್ದು ನಿನಗೇ ಎಂದು ಈ ಹನ್ನೊಂದು ದಿನಗಳಲ್ಲಿ ಹೊಳೆಯಿತು.

ಇನ್ನೊಂದು ವಿಚಿತ್ರ ಹೇಳಲೇ? ನಿನ್ನ ಬಲಾಡ್ ಶುರುವಾಗುವಾಗ ಎರಡೂ ಕೈ ಒಂದೇ ಸಾಲನ್ನು ಹಿಡಿದು ಮೇಲೇರುತ್ತವಲ್ಲ, ಆ ನಿಧಾನದ ಏಳು ಆವರ್ತ (ಬಾರ್). ಅಲ್ಲಿ ಹಾಡು ತನ್ನ ಮನೆಯಲ್ಲೇ ಇಲ್ಲ. ಕಪ್ಪು ನಾಲ್ಕರ ಅಂಗಳದಲ್ಲಿ ತಿರುಗಾಡಿ, ಆಮೇಲೆ ಬಿಳಿ ಐದಕ್ಕೆ ಇಳಿಯುತ್ತದೆ. ದ್ರೌಪದಿ ಹೋದ ದಾರಿಯಲ್ಲೇ ತಿರುಗಿ ಬಂದ ಹಾಗೆ. ರಾತ್ರಿ ಒಂದು ಗಂಟೆಗೆ ಅದು ಬೆರಳಿಗೆ ಸಿಕ್ಕಿದಾಗ ತಿದಿ ತುಳಿಯುವುದನ್ನು ನಿಲ್ಲಿಸಿಬಿಟ್ಟೆ. ಆ ಏಳು ಆವರ್ತಗಳನ್ನು ನೀನು ನುಡಿಸಿದ ರೀತಿಗೆ ನನ್ನಲ್ಲಿ ತಿದ್ದುವ ಮಾತಿಲ್ಲ. ಇದು ಎರಡು ನಿಮಿಷದ ಉತ್ತರವಲ್ಲ.

ಆ ಶೋಪಾನ್ ಬಗ್ಗೆಯೂ ಓದಿದೆ. 1830ರಲ್ಲಿ, ಇಪ್ಪತ್ತನೆಯ ವಯಸ್ಸಿಗೆ, ಹುಟ್ಟಿದ ನಾಡು ಪೋಲೆಂಡನ್ನು ಬಿಟ್ಟು ಹೊರಟವನು ಮತ್ತೆ ಹಿಂದಿರುಗಲೇ ಇಲ್ಲವಂತೆ. ಅಷ್ಟು ಓದಿ ಮೊಬೈಲ್ ಮುಚ್ಚಿಟ್ಟೆ. ನಿನಗೂ ಇಪ್ಪತ್ತೇ. ಪರೀಕ್ಷೆ ಮುಗಿದ ಮೇಲೆ ಯಾವ ದೇಶಕ್ಕಾದರೂ ಹೋಗು, ದುಡ್ಡಿನ ಮಾತು ಆಮೇಲೆ. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ತೆರೆಯುತ್ತದೆ, ಅಷ್ಟು ಸಲವಾದರೂ ಬರುವ ಹಾಗೆ ನೋಡಿಕೋ. ಅಮ್ಮನಿಗಾಗಿ ಹೇಳುತ್ತಿದ್ದೇನೆ.

ಚಟ್ನಿಪುಡಿ ಬೇರೆ ಪಾರ್ಸೆಲ್ಲಿನಲ್ಲಿ ಬರುತ್ತದೆ. ಇನ್ನೊಮ್ಮೆ ನುಡಿಸಿ ಕಳಿಸು; 8 ನಿಮಿಷ 22ರಲ್ಲಿ ಸ್ವರ ತಪ್ಪಿದರೆ ತಪ್ಪಲಿ, ನಿಲ್ಲಬೇಡ. ಶುಕ್ರವಾರ ಮಾತ್ರ ಕಳಿಸಬೇಡ. ಅಂದು ರಾತ್ರಿ ಇಲ್ಲಿನ ಕಲಾಕ್ಷೇತ್ರದಲ್ಲಿ ನಮ್ಮ ನಾಟಕ, ಶನಿವಾರ ಮಧ್ಯಾಹ್ನದವರೆಗೂ ಮಲಗಿರುತ್ತೇನೆ. ಭಾನುವಾರ ಬೆಳಿಗ್ಗೆ ಕಳಿಸು, ಅಷ್ಟರಲ್ಲಿ ಆ ಹುಡುಗನಿಗೆ ಇಯರ್‌ಫೋನ್ ಹಿಂದಿರುಗಿಸಿ ನನ್ನದೇ ಒಂದು ಕೊಂಡಿರುತ್ತೇನೆ.

ನಿನ್ನ ಅಪ್ಪ