ಇ-ಪುಸ್ತಕದ ಆ್ಯಪ್ ಆರಿಸುವಾಗ ಒತ್ತಕ್ಷರ ನೋಡಿ

ಮಾನ್ಯ ಸಂಪಾದಕರೇ,

ಮೊಬೈಲ್‌ನಲ್ಲಿ ಪುಸ್ತಕ ಓದಲು ಯಾವ ಆ್ಯಪ್ ಒಳ್ಳೆಯದೆಂದು ಬಸವನಗುಡಿಯ ನಮ್ಮ ಓದುಗರ ಬಳಗದಲ್ಲಿ ಈಚೆಗೆ ಅನೇಕರು ಕೇಳುತ್ತಿದ್ದಾರೆ. ಹೆಚ್ಚಿನವರು 60 ದಾಟಿದವರು. ಅಚ್ಚಿನ ಸಣ್ಣ ಅಕ್ಷರ ಕಷ್ಟವಾಗಿ ನಾನೂ ಟ್ಯಾಬ್ಲೆಟ್ ಹಿಡಿದು ಎರಡು ವರ್ಷವಾಯಿತು. ಪುಟದ ಬಣ್ಣ, ಪುಟ ಮಗುಚುವ ಚೆಂದ ಇವೆಲ್ಲ ಆಮೇಲಿನ ಮಾತು. ಕನ್ನಡದವರು ಮೊದಲು ನೋಡಬೇಕಾದುದು ಒತ್ತಕ್ಷರವನ್ನು.

‘ಸ್ವಾತಂತ್ರ್ಯ’, ‘ರಾಷ್ಟ್ರ’, ‘ಸೂರ್ಯ’ ಎಂಬ ಪದಗಳಿರುವ ಒಂದು ಪುಟವನ್ನು ಆ್ಯಪ್‌ನಲ್ಲಿ ತೆರೆದರೆ ಅರ್ಧ ತೀರ್ಮಾನ ಅಲ್ಲೇ ಆಗುತ್ತದೆ. ಒತ್ತು ಕಳಚಿ ಪಕ್ಕಕ್ಕೆ ನಿಂತರೆ, ಅರ್ಕಾವತ್ತು ಕಾಣೆಯಾದರೆ, ಆ ಆ್ಯಪ್ ನಮಗಲ್ಲ. ನಂತರ ಅಕ್ಷರವನ್ನು ಸಾಕಷ್ಟು ಹಿಗ್ಗಿಸಿ ಸಾಲುಗಳ ನಡುವಿನ ಜಾಗವನ್ನು ಗಮನಿಸಬೇಕು. ನಮ್ಮ ಒತ್ತುಗಳು ಸಾಲಿನ ಕೆಳಕ್ಕೆ ಇಳಿಯುವುದರಿಂದ, ಇಂಗ್ಲಿಷಿಗೆ ಸಾಲುವ ಅಂತರದಲ್ಲಿ ಅವು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತವೆ. ಆ ಅಂತರವನ್ನು ಓದುಗನೇ ಹೆಚ್ಚಿಸಿಕೊಳ್ಳುವ ಅವಕಾಶ ಇರಲೇಬೇಕು.

ಆದರೆ ಎಲ್ಲ ದೋಷವನ್ನೂ ಆ್ಯಪ್‌ನ ತಲೆಗೆ ಕಟ್ಟುವುದು ನ್ಯಾಯವಲ್ಲ. ಕಳೆದ ವರ್ಷ ಒಂದು ಪ್ರಕಾಶನದಿಂದ ಹಣ ಕೊಟ್ಟು ತರಿಸಿದ ಇ-ಪುಸ್ತಕ ಪಿಡಿಎಫ್ ಆಗಿತ್ತು. ಪಿಡಿಎಫ್‌ನಲ್ಲಿ ಪುಟದ ವಿನ್ಯಾಸ ಸ್ಥಿರವಾದ್ದರಿಂದ, ಹಿಗ್ಗಿಸಿದಾಗ ಪ್ರತಿ ಸಾಲಿಗೂ ಪುಟವನ್ನು ಅತ್ತಿತ್ತ ಎಳೆದಾಡಬೇಕಾಯಿತು. ಇ-ಪುಸ್ತಕಕ್ಕೆಂದೇ ಇರುವ ಇಪಬ್ ಎಂಬ ರೂಪದ ಕಡತವಾಗಿದ್ದರೆ ಅಕ್ಷರ ದೊಡ್ಡದಾದಂತೆ ಸಾಲುಗಳು ತಾವೇ ಪರದೆಯ ಅಗಲಕ್ಕೆ ಮುರಿದು ಜೋಡಿಸಿಕೊಳ್ಳುತ್ತಿದ್ದವು. ಇನ್ನೊಂದು ತೊಡಕೂ ಇತ್ತು. ಆ ಪಿಡಿಎಫ್‌ನ ಅಕ್ಷರ ಜೋಡಣೆ, ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್‌ಗೆ ಮುಂಚಿನ ವಿಧಾನದ್ದು: ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತ. ಹಾಗಾಗಿ ಪದ ಹುಡುಕಿದರೆ ಸಿಗಲಿಲ್ಲ, ಗಟ್ಟಿಯಾಗಿ ಓದಿಸಲು ಹೋದರೆ ಅರ್ಥವಿಲ್ಲದ ಸದ್ದು ಬಂತು. ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡವನ್ನು ಓದಿ ಹೇಳುವ ಧ್ವನಿ ಈಗ ಇದೆ. ದೃಷ್ಟಿ ಕಳೆದುಕೊಂಡವರಿಗೆ ಪುಸ್ತಕದ ಬಾಗಿಲು ಆ ಧ್ವನಿಯೇ. ಇಂಥ ಕಡತ ಅದನ್ನು ಮುಚ್ಚಿಬಿಡುತ್ತದೆ.

ಕೊಂಡ ಪುಸ್ತಕ ಎಲ್ಲಿ ಉಳಿಯುತ್ತದೆ ಎಂಬುದೂ ಮುಖ್ಯ. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಗ್ರಾಹಕರಿಗೆ ಹಣ ಮರಳಿತು, ಪುಸ್ತಕಗಳು ಹೋದವು. ಅಮೆಜಾನ್‌ನ ಇ-ಪುಸ್ತಕ ಸೇವೆ ಕಿಂಡಲ್ 2016ರಲ್ಲಿ ಐದು ಭಾರತೀಯ ಭಾಷೆಗಳ ಪುಸ್ತಕ ಮಾರಾಟ ಆರಂಭಿಸಿದಾಗ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲವೆಂಬುದನ್ನೂ ನಾವು ಮರೆತಿಲ್ಲ. ಆದ್ದರಿಂದ ನಮ್ಮದೇ ಕಡತಗಳನ್ನು ತೆರೆಯುವ ಆ್ಯಪ್ ಒಂದು ಕೈಯಲ್ಲಿರಲಿ ಎನ್ನುತ್ತೇನೆ. ರೀಡ್‌ಎರಾ ಖಾತೆ ಕೇಳದೆ ಇಪಬ್, ಪಿಡಿಎಫ್ ಎರಡನ್ನೂ ತೆರೆಯುತ್ತದೆ; ಗೂಗಲ್ ಪ್ಲೇ ಬುಕ್ಸ್‌ಗೆ ನಮ್ಮ ಕಡತ ಏರಿಸಿಕೊಳ್ಳಬಹುದು; ಐಪ್ಯಾಡ್ ಇದ್ದವರಿಗೆ ಆಪಲ್ ಬುಕ್ಸ್ ಜೊತೆಗೇ ಬರುತ್ತದೆ.

ಕನ್ನಡದ ಪ್ರಕಾಶಕರಲ್ಲಿ ನನ್ನ ಕೋರಿಕೆ ಇಷ್ಟು: ಪುಸ್ತಕವನ್ನು ಯೂನಿಕೋಡ್‌ನಲ್ಲಿ, ಇಪಬ್ ರೂಪದಲ್ಲಿ ಕೊಡಿ, ಅದು ಯಾವ ರೂಪದ ಕಡತವೆಂದು ಬೆಲೆಯ ಪಕ್ಕದಲ್ಲೇ ತಿಳಿಸಿ, ಮೊದಲ ಅಧ್ಯಾಯದ ಕೆಲವು ಪುಟಗಳನ್ನು ಮಾದರಿಯಾಗಿ ಇಡಿ. ಹಣ ಕೊಡುವ ಮೊದಲೇ ನಮ್ಮ ಆ್ಯಪ್‌ನಲ್ಲಿ ಅದನ್ನು ತೆರೆದು, ಹಿಗ್ಗಿಸಿ, ಓದಿ ನೋಡುತ್ತೇವೆ.

– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು