ಬೈದರೆ ಮೈ ಇಳಿಯುವುದಿಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಪುರವಣಿಯಲ್ಲಿ ಬಂದ ತೂಕ ಇಳಿಸುವ ಲೇಖನವನ್ನೂ, ಅದರ ಮೇಲೆ ಎರಡು ವಾರದಿಂದ ನಡೆಯುತ್ತಿರುವ ಜಗಳವನ್ನೂ ಓದುತ್ತಿದ್ದೇನೆ. ಹಾಲು, ಮೊಟ್ಟೆ, ಮಾಂಸ ಇವತ್ತೇ ಬಿಡಿ, ದಿನಕ್ಕೆ 800 ಕ್ಯಾಲೊರಿ ದಾಟಬೇಡಿ, ಆರು ವಾರದಲ್ಲಿ ಮೈ ಕರಗದಿದ್ದರೆ ತಪ್ಪು ನಿಮ್ಮ ನಾಲಿಗೆಯದ್ದು ಎಂದು ಲೇಖನ ಹೇಳಿತ್ತು. ನಡುನಡುವೆ ಓದುಗರನ್ನು ‘ಮೂಟೆ’, ‘ಸೋಮಾರಿ’ ಎಂದೂ ಕರೆದಿತ್ತು. ಆಮೇಲೆ ಬಂದ ಪತ್ರಗಳಲ್ಲಿ ಒಬ್ಬರು ವೀಗನ್ ಊಟ, ಅಂದರೆ ಪ್ರಾಣಿಗಳಿಂದ ಬಂದದ್ದು ಏನೂ ಇಲ್ಲದ ಊಟ, ಬರೀ ಶೋಕಿ ಎಂದರು. ಇನ್ನೊಬ್ಬರು ಹಾಲು ಕುಡಿಯುವವರೆಲ್ಲ ಕಟುಕರು ಎಂದರು. ಬೈಗುಳದ ಬಗ್ಗೆ ಮಾತ್ರ ಯಾರೂ ಬಾಯಿ ಬಿಡಲಿಲ್ಲ. ಹಾಲಿನ ವಿಷಯದಲ್ಲಿ ಇಷ್ಟು ಸಿಟ್ಟು ಬಂದವರಿಗೆ ‘ಮೂಟೆ’ ಅನ್ನುವ ಪದ ಕಣ್ಣಿಗೇ ಬೀಳಲಿಲ್ಲವೇ?

ನಾನು ಡಾಕ್ಟರ್ ಅಲ್ಲ. ಹೆಂಗಸರ ಬಟ್ಟೆ ಹೊಲಿಯುವ ಟೈಲರ್. ನನ್ನ ಮಗಳು ವೀಗನ್. ಹಾಗಾಗಿ ಈ ಜಗಳದ ಎರಡೂ ತುದಿ ನಮ್ಮ ಮನೆಯಲ್ಲೇ ಇವೆ.

ಟೇಪು ಹಿಡಿದ ತಕ್ಷಣ ಜನ ಏನು ಮಾಡುತ್ತಾರೆ ಗೊತ್ತೇ? ಉಸಿರು ಎಳೆದು ಹೊಟ್ಟೆ ಒಳಗೆ ಹಾಕುತ್ತಾರೆ. ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ಹೀಗೇ. ಆ ಅಳತೆಗೆ ಹೊಲಿದರೆ ಕೂತಾಗ ಹೊಲಿಗೆ ಬಿಟ್ಟುಕೊಳ್ಳುತ್ತದೆ. ಅದಕ್ಕೆ ಸುಮ್ನೆ ಏನಾದರೂ ಮಾತಾಡಿಸುತ್ತೇನೆ. ಮಕ್ಕಳ ಪರೀಕ್ಷೆ, ಮಳೆ, ಯಾವುದಾದರೂ. ಮಾತಾಡುವಾಗ ಉಸಿರು ಬಿಡಲೇಬೇಕಲ್ಲ, ಆಗ ಓದಿಕೊಳ್ಳುತ್ತೇನೆ. ಸೊಂಟದ ಅಳತೆಯನ್ನು ಜೋರಾಗಿ ಹೇಳಬಾರದು ಎನ್ನುವುದು ಅನುಭವದಿಂದ ಬಂದ ಪಾಠ. ಪಕ್ಕದಲ್ಲಿ ಅತ್ತೆಯೋ ಗೆಳತಿಯೋ ನಿಂತಿರುತ್ತಾರೆ, ಕೇಳಿದ ಕೂಡಲೇ ‘ಅಯ್ಯೋ, ಅಷ್ಟಾಯ್ತಾ!’ ಅನ್ನುತ್ತಾರೆ. ನಾನು ಸದ್ದಿಲ್ಲದೆ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ.

‘ಎರಡು ಇಂಚು ಬಿಗಿಯಾಗೇ ಹೊಲಿಯಿರಿ, ಮದುವೆ ಹೊತ್ತಿಗೆ ಇಳಿಸ್ತೀನಿ’ ಎನ್ನುವವರು ಜಾಸ್ತಿ. ಸರಿ ಅನ್ನುತ್ತೇನೆ. ಒಳಗೆ ಮಾತ್ರ ಎರಡೂವರೆ ಇಂಚು ಬಟ್ಟೆ ಬಿಟ್ಟಿರುತ್ತೇನೆ. ಬಹಳ ಸಲ ಅದನ್ನು ಬಿಚ್ಚಬೇಕಾಗುತ್ತದೆ.

ಒಬ್ಬಳು ಹುಡುಗಿಯ ವಿಷಯ ಮಾತ್ರ ಬೇರೆ. ಕಾಲೇಜು ಓದುವ ಹುಡುಗಿ. ಅಳತೆ ಕೊಟ್ಟು ಹೋದವಳು ಟ್ರಯಲ್‌ಗೆ ಬಂದಾಗ ಬಟ್ಟೆ ಭುಜದಿಂದಲೇ ಜಾರುತ್ತಿತ್ತು. ಹೊರಗೆ ಉರಿ ಬಿಸಿಲು, ಅವಳ ಕೈ ಮಾತ್ರ ತಣ್ಣಗೆ. ಕುತ್ತಿಗೆಯ ಹಿಂದೆ ಪಿನ್ನು ಹಾಕುವಾಗ ನನ್ನ ಬೆರಳಿಗೆ ಕೂದಲು ಸುತ್ತಿಕೊಂಡು ಬಂತು, ಒಂದೆರಡು ಎಳೆಯಲ್ಲ, ಒಂದು ಹಿಡಿ. ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ‘ಎಷ್ಟು ಚೆನ್ನಾಗಿ ಸಣ್ಣ ಆಗಿದ್ದೀಯ, ಏನು ಗುಟ್ಟು?’ ಎಂದು ಕೇಳುತ್ತಿದ್ದರು. ‘ವೀಗನ್ ಆಗಿದ್ದೀನಿ’ ಎಂದಳು. ಅವರು ಹೋದ ಮೇಲೆ ಏನೇನು ತಿಂತೀಯ ಎಂದು ಕೇಳಿದೆ. ಬೆಳಿಗ್ಗೆ ಒಂದು ಸೇಬು, ಮಧ್ಯಾಹ್ನ ಸೌತೆಕಾಯಿ, ರಾತ್ರಿ ಬಿಸಿನೀರಿಗೆ ನಿಂಬೆ. ತಿಂಗಳ ಮುಟ್ಟು ನಿಂತು ಎಷ್ಟೋ ದಿನ ಆಗಿತ್ತು. ಅದನ್ನೂ ಒಳ್ಳೆಯ ಸುದ್ದಿಯೇ ಅನ್ನುವ ಹಾಗೆ ಹೇಳಿದಳು.

ಇದಕ್ಕೆ ಉಪವಾಸ ಅನ್ನಬೇಕು. ವೀಗನ್ ಎಂಬ ಹೆಸರು ಮನೆಯವರ ಪ್ರಶ್ನೆ ತಪ್ಪಿಸಿಕೊಳ್ಳಲು ಸಿಕ್ಕ ಒಂದು ಪರದೆ. ‘ನಂಗೆ ಹಸಿವಿಲ್ಲ’ ಎಂದರೆ ಅಮ್ಮ ಬಿಡುವುದಿಲ್ಲ, ‘ಇದರಲ್ಲಿ ಹಾಲಿದೆ, ನಾನು ತಿನ್ನಲ್ಲ’ ಎಂದರೆ ಸುಮ್ಮನಾಗುತ್ತಾಳೆ. ನಿಮ್ಮ ಲೇಖನ ಮಾಡಿದ್ದೂ ಇದನ್ನೇ. ಪ್ರಾಣಿಗಳ ಮೇಲಿನ ಕರುಣೆಯ ಹೆಸರಲ್ಲಿ ಹಸಿವನ್ನು ಮಾರಿತು.

800 ಕ್ಯಾಲೊರಿ ಎಂದರೆ ಎಷ್ಟು ಕಡಿಮೆ ಎಂದು ತಿಳಿಯಬೇಕಾದರೆ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ 1944ರ ನವೆಂಬರ್‌ನಲ್ಲಿ ಶುರುವಾದ ಪ್ರಯೋಗ ನೋಡಬೇಕು. ಯುದ್ಧದಲ್ಲಿ ಹಸಿದವರನ್ನು ಮತ್ತೆ ಚೇತರಿಸುವುದು ಹೇಗೆ ಎಂದು ತಿಳಿಯಲು ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ನಡೆಸಿದ ಪ್ರಯೋಗ ಅದು. ತಾವಾಗಿಯೇ ಮುಂದೆ ಬಂದ 36 ಗಟ್ಟಿಮುಟ್ಟಾದ ಯುವಕರಿಗೆ ಸುಮಾರು ಆರು ತಿಂಗಳು ಅರ್ಧ ಊಟ ಕೊಟ್ಟರು. ಆ ಅರ್ಧ ಊಟವೇ ದಿನಕ್ಕೆ 1,600 ಕ್ಯಾಲೊರಿಗೆ ಸ್ವಲ್ಪ ಕಡಿಮೆ ಇತ್ತು. ಅವರ ತೂಕ ಕಾಲು ಭಾಗದಷ್ಟು ಇಳಿಯಿತು. ಚಳಿ, ಸುಸ್ತು, ಸಿಡುಕು, ಮಂಕು ಎಲ್ಲವೂ ಬಂದವು. ಮಾತೆತ್ತಿದರೆ ಊಟದ್ದೇ ಮಾತು. ಅಡುಗೆ ಪುಸ್ತಕಗಳನ್ನು ಕೂತು ಓದುತ್ತಿದ್ದರು, ತಟ್ಟೆ ನೆಕ್ಕುತ್ತಿದ್ದರು. ಮತ್ತೆ ಊಟ ಸಿಕ್ಕಾಗ ಎಷ್ಟು ತಿಂದರೂ ಕೆಲವರಿಗೆ ಸಾಕಾಗಲಿಲ್ಲ. ಉಪವಾಸದ ಪ್ರಯೋಗದಲ್ಲಿ ಕೊಟ್ಟದ್ದರ ಅರ್ಧವನ್ನು ನಿಮ್ಮ ಲೇಖನ ಮನೆಯಲ್ಲಿ ಒಬ್ಬರೇ ಕೂತು ಪಾಲಿಸಿ ಎಂದು ಹೇಳಿದೆ. ಅಷ್ಟು ಕಡಿಮೆ ಊಟ ಕೆಲವು ರೋಗಿಗಳಿಗೆ ಬೇಕಾಗಬಹುದು, ಆದರೆ ಡಾಕ್ಟರ್ ಕಣ್ಣೆದುರು, ರಕ್ತ ಪರೀಕ್ಷೆ ಮಾಡಿಸುತ್ತಾ. ತೂಕ ಬೇಗಬೇಗ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯವೂ ಇದೆ. ಕೂದಲು ಉದುರುವುದು ಎರಡು ಮೂರು ತಿಂಗಳು ತಡವಾಗಿ ಶುರುವಾಗುತ್ತದೆ. ಅಷ್ಟರಲ್ಲಿ ಡಯಟ್ ಮರೆತೇ ಹೋಗಿರುತ್ತದೆ, ಜನ ಶಾಂಪೂ ಬದಲಾಯಿಸುತ್ತಾರೆ.

ಮತ್ತೆ ತೂಕ ಏರಿದರೆ ‘ನಾಲಿಗೆ ಚಪಲ’ ಎಂದು ಬೈಯುವುದು ಸುಲಭ. ಅಮೆರಿಕದ ಒಂದು ಟಿವಿ ತೂಕ ಇಳಿಸುವ ಸ್ಪರ್ಧೆಯಲ್ಲಿದ್ದ 14 ಜನರನ್ನು ಆರು ವರ್ಷದ ನಂತರ ಪರೀಕ್ಷೆ ಮಾಡಿ 2016ರಲ್ಲಿ ವರದಿ ಬರೆದರು. ಸುಮ್ಮನೆ ಮಲಗಿದ್ದಾಗಲೂ ಅವರ ಮೈ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಸುಡುತ್ತಿತ್ತು. ಅಂದರೆ ಅವರಂಥದೇ ಮೈಕಟ್ಟು, ವಯಸ್ಸಿನ ಬೇರೆಯವರ ಲೆಕ್ಕಕ್ಕಿಂತ. ಮೈ ಹಸಿವನ್ನು ಬೇಗ ಮರೆಯುವುದಿಲ್ಲ.

ಇನ್ನು ಬೈಗುಳ. ‘ಸ್ವಲ್ಪ ಖಾರವಾಗಿ ಹೇಳಿದರೇ ಜನ ಎಚ್ಚರಾಗೋದು’ ಎಂದು ಒಬ್ಬ ಓದುಗರು ಲೇಖನದ ಪರವಾಗಿ ಬರೆದಿದ್ದರು. ಹಾಗಿದ್ದರೆ ದಪ್ಪಗಿರುವವರೇ ಇರಬಾರದಿತ್ತು, ಅಲ್ವಾ? ಅವರು ಚಿಕ್ಕಂದಿನಿಂದ ಕೇಳುತ್ತಾ ಬಂದಿರುವುದೇ ಅದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸುಮಾರು 2,900 ವಯಸ್ಕರನ್ನು ನಾಲ್ಕು ವರ್ಷ ಗಮನಿಸಿದ ಅಧ್ಯಯನ. ತೂಕದ ಕಾರಣಕ್ಕೆ ಅವಮಾನ, ತಾತ್ಸಾರ ಕಂಡೆವು ಎಂದವರ ತೂಕ ಸರಾಸರಿ ಒಂದು ಕಿಲೋದಷ್ಟು ಏರಿತ್ತು. ಹಾಗೆ ಆಗಿಲ್ಲ ಎಂದವರದ್ದು ಮುಕ್ಕಾಲು ಕಿಲೋದಷ್ಟು ಇಳಿದಿತ್ತು. ನನಗೆ ಇದು ಹೊಸದಲ್ಲ. ಅಂಗಡಿಯಲ್ಲಿ ಗೆಳತಿಯಿಂದ ಟೀಕೆ ಕೇಳಿಸಿಕೊಂಡವಳು ಮಾರನೇ ದಿನ ವಾಕಿಂಗ್ ಹೋಗುವುದಿಲ್ಲ. ರಸ್ತೆಗಿಳಿದರೆ ಯಾರು ನೋಡುತ್ತಾರೋ ಎಂದು ಮನೆಯಲ್ಲೇ ಕೂರುತ್ತಾಳೆ.

ಮಾತಿಗಿಂತ ಚಿತ್ರ ಇನ್ನೂ ಜೋರು. ಪೆಸಿಫಿಕ್ ಸಾಗರದ ದ್ವೀಪ ದೇಶ ಫಿಜಿಯ ಒಂದು ಪ್ರಾಂತ್ಯಕ್ಕೆ ಟಿವಿ ಬಂದದ್ದು 1995ರಲ್ಲಿ. ಮೈತುಂಬಿಕೊಂಡಿರುವುದೇ ಚೆಂದ ಎಂದು ನಂಬಿದ್ದ ಜನ ಅವರು. ಆನ್ ಬೆಕರ್ ಎಂಬ ಸಂಶೋಧಕಿ ಆಗ ಅಲ್ಲಿನ ಶಾಲಾ ಹುಡುಗಿಯರನ್ನು ಕೇಳಿದಾಗ ತೂಕ ಇಳಿಸಲು ವಾಂತಿ ಮಾಡಿಕೊಳ್ಳುತ್ತೇನೆ ಎಂದವಳು ಒಬ್ಬಳೂ ಇರಲಿಲ್ಲ. 1998ರಲ್ಲಿ ಕೇಳಿದಾಗ 100ಕ್ಕೆ 11 ಮಂದಿ ಹೌದೆಂದರು. ಬರೀ ಮೂರು ವರ್ಷ!

ಮಗಳ ಮಾತಿಗೆ ಬರುತ್ತೇನೆ. ಅವಳು ವೀಗನ್ ಆದದ್ದು ಪ್ರಾಣಿಗಳಿಗಾಗಿ. ಹಾಲು, ಮೊಟ್ಟೆ, ಜೇನು ಯಾವುದೂ ಬೇಡ. ರೇಷ್ಮೆ, ಉಣ್ಣೆ, ಚರ್ಮವೂ ಬೇಡ. ಟೈಲರ್ ಮಗಳಲ್ಲವೇ, ಗುಂಡಿಯವರೆಗೂ ಬಂದಳು. ನನ್ನ ಗುಂಡಿ ಡಬ್ಬಿ ಸುರುವಿಕೊಂಡು ಒಂದೊಂದನ್ನೇ ಕೆನ್ನೆಗೆ ಒತ್ತಿ ನೋಡುತ್ತಿದ್ದಳು. ಚಿಪ್ಪಿನ ಗುಂಡಿಯಾದರೆ ತಣ್ಣಗಿರುತ್ತದೆ, ಪ್ಲಾಸ್ಟಿಕ್ ಆದರೆ ಅಷ್ಟು ತಣ್ಣಗಿರುವುದಿಲ್ಲ. ಚಿಪ್ಪು, ಕೊಂಬು ಒಂದು ಕಡೆ, ಉಳಿದದ್ದು ಇನ್ನೊಂದು ಕಡೆ. ‘ಪ್ಲಾಸ್ಟಿಕ್ ಕೊನೆಗೆ ಸಮುದ್ರಕ್ಕೇ ಹೋಗಿ ಮೀನಿನ ಹೊಟ್ಟೆ ಸೇರುತ್ತಲ್ಲೇ’ ಎಂದೆ. ಸ್ವಲ್ಪ ಯೋಚಿಸಿ ‘ಮರದ ಗುಂಡಿ ಇದೆಯಾ?’ ಎಂದು ಕೇಳಿದಳು. ನನ್ನ ಟೀಗೆ ಹಾಲು ಬೇಕೇ ಬೇಕು, ಅವಳು ಆ ಪಾತ್ರೆ ಮುಟ್ಟುವುದಿಲ್ಲ. ಒಂದೇ ಮೇಜಿನಲ್ಲಿ ಕೂತು ತಿನ್ನುತ್ತೇವೆ, ವಾದವನ್ನೂ ಮಾಡುತ್ತೇವೆ. ಹಸು, ಕರುಗಳ ಬಗ್ಗೆ ಅವಳು ಹೇಳುವ ಕೆಲವು ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ಆದರೂ ಟೀ ಬಿಟ್ಟಿಲ್ಲ.

ಅವಳು ಸಣ್ಣಗಿಲ್ಲ. ಮೊದಲೂ ಇರಲಿಲ್ಲ, ಈಗಲೂ ಇಲ್ಲ. ನೆಂಟರು ಕೇಳುವ ಪ್ರಶ್ನೆ ಒಂದೇ: ‘ಅಷ್ಟೆಲ್ಲ ಬಿಟ್ಟೂ ಯಾಕಮ್ಮ ಇಳಿದಿಲ್ಲ?’ ‘ಇಳಿಯೋಕೆ ಅಂತ ಬಿಟ್ಟಿಲ್ಲ ಚಿಕ್ಕಮ್ಮ’ ಎನ್ನುತ್ತಾಳೆ. ಕರಿದ ಆಲೂಗಡ್ಡೆ, ಸಕ್ಕರೆ ಪಾನಕ ಎಲ್ಲವೂ ವೀಗನ್ನೇ. ಅವನ್ನು ಹೊಟ್ಟೆ ತುಂಬಾ ತಿಂದು ದಪ್ಪ ಆಗಲೂಬಹುದು. ವೀಗನ್ ಅಂದರೆ ಸಣ್ಣ ಮೈ ಎಂದು ಹೇಳಿದವರು ಯಾರೋ ಮಾರುವವರೇ ಇರಬೇಕು.

ಹಾಗಂತ ವೀಗನ್ ಊಟದಲ್ಲಿ ಬಲವೇ ಇಲ್ಲ ಎಂದು ಬರೆದ ಓದುಗರ ಮಾತನ್ನೂ ಒಪ್ಪಲಾರೆ. ಚೆನ್ನಾಗಿ ಯೋಜಿಸಿದ ವೀಗನ್ ಊಟ ಆರೋಗ್ಯಕ್ಕೆ ಸಾಕಾಗುತ್ತದೆ ಎಂದು ಅಮೆರಿಕದ ಪೋಷಣಾ ತಜ್ಞರ ಸಂಘವೇ 2016ರಲ್ಲಿ ಹೇಳಿದೆ. ‘ಚೆನ್ನಾಗಿ ಯೋಜಿಸಿದ’ ಎನ್ನುವಲ್ಲೇ ಕೆಲಸ ಇರುವುದು. ಬೇಳೆ, ಕಾಳು, ಸೋಯಾ, ಬೀಜಗಳು, ಸೊಪ್ಪು ದಿನವೂ ಬೇಕು. ಬಿ12 ಜೀವಸತ್ವ ಮಾತ್ರ ಗಿಡಗಳಿಂದ ನೆಚ್ಚಿಕೊಳ್ಳುವಷ್ಟು ಸಿಗುವುದಿಲ್ಲ. ಅದನ್ನು ತಯಾರಿಸುವುದು ಬ್ಯಾಕ್ಟೀರಿಯಾಗಳು. ಮಾತ್ರೆ ತೆಗೆದುಕೊಳ್ಳಬೇಕು, ಇಲ್ಲವೇ ಬಿ12 ಬೆರೆಸಿದ ಆಹಾರ ತಿನ್ನಬೇಕು. ಪಿತ್ತಜನಕಾಂಗದಲ್ಲಿ ವರ್ಷಗಟ್ಟಲೆಗೆ ಸಾಕಾಗುವಷ್ಟು ದಾಸ್ತಾನು ಇರುತ್ತದೆ. ಅದಕ್ಕೇ ಶುರುವಿನಲ್ಲಿ ಏನೂ ಗೊತ್ತಾಗುವುದಿಲ್ಲ. ಆಮೇಲೆ ಕೈಕಾಲು ಜೋಮು, ಮರೆವು, ರಕ್ತಹೀನತೆ ಬರುತ್ತವೆ. ನರಕ್ಕೆ ಆದ ಪೆಟ್ಟು ಕೆಲವೊಮ್ಮೆ ವಾಪಸ್ ಸರಿಹೋಗುವುದೇ ಇಲ್ಲ. ಬಸುರಿ, ಬಾಣಂತಿ, ಎಳೆಮಕ್ಕಳ ವಿಷಯದಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು. ಅರ್ಧ ಪುಟ ಬೈದ ನಿಮ್ಮ ಲೇಖಕರಿಗೆ ಬಿ12 ಬಗ್ಗೆ ಒಂದು ಸಾಲು ಬರೆಯಲು ಜಾಗ ಸಿಗಲಿಲ್ಲ. ನನಗೆ ಜಾಸ್ತಿ ಸಿಟ್ಟು ಬಂದದ್ದು ಇದಕ್ಕೇ.

ಲೇಖನದ ಜೊತೆಗೆ ಬಿಎಂಐ ಪಟ್ಟಿಯನ್ನೂ, ಅಂದರೆ ಎತ್ತರಕ್ಕೆ ಹೋಲಿಸಿ ತೂಕ ನೋಡುವ ಲೆಕ್ಕವನ್ನೂ ಹಾಕಿದ್ದಿರಿ. 1830ರ ದಶಕದಲ್ಲಿ ಆ ಲೆಕ್ಕ ಹಾಕಿದ ಬೆಲ್ಜಿಯಂನ ಅಡೋಲ್ಫ್ ಕೆಟ್ಲೆ ವೈದ್ಯನಲ್ಲ, ಖಗೋಳ ಮತ್ತು ಅಂಕಿಅಂಶದ ಪಂಡಿತ. 1972ರಲ್ಲಿ ಅದಕ್ಕೆ ಇವತ್ತಿನ ಹೆಸರು ಕೊಟ್ಟವರು ಮೇಲೆ ಹೇಳಿದ ಅದೇ ಆನ್ಸೆಲ್ ಕೀಸ್. ಇಡೀ ಜನಸಮೂಹವನ್ನು ಅಳೆಯಲು ಅದು ಅನುಕೂಲ. ಒಬ್ಬಳೇ ಒಬ್ಬಳ ಮೈಯಲ್ಲಿ ಸ್ನಾಯು ಎಷ್ಟು, ಕೊಬ್ಬು ಎಷ್ಟು, ಕೊಬ್ಬು ಎಲ್ಲಿದೆ ಎಂದು ಅದು ಹೇಳುವುದಿಲ್ಲ.

ತೂಕ ಇಳಿಸಲೇಬಾರದು ಎಂದು ನಾನು ಹೇಳುತ್ತಿಲ್ಲ. ಸಕ್ಕರೆ ಕಾಯಿಲೆ, ಮಂಡಿ ನೋವು ಇರುವವರಿಗೆ ಇಳಿದರೆ ಒಳ್ಳೆಯದೇ. ವಾರಕ್ಕೆ ಅರ್ಧದಿಂದ ಒಂದು ಕಿಲೋ, ಅದೂ ಹೊಟ್ಟೆಗೆ ತಿಂದು. ಅದನ್ನು ಹೇಳಲು ಬೈಗುಳ ಬೇಕಿಲ್ಲ.

‘ಮೊದಲು – ಆಮೇಲೆ’ ಫೋಟೋಗಳ ಬಗ್ಗೆ ಟೈಲರ್ ಆಗಿ ಒಂದು ಮಾತು ಹೇಳಲೇಬೇಕು. ನಿಮ್ಮ ಮೊದಲ ಚಿತ್ರದಲ್ಲಿ ಆಕೆ ಭುಜ ಇಳಿಬಿಟ್ಟು ನೇರ ನಿಂತಿದ್ದಾಳೆ, ತೋಳಿನ ಹೊಲಿಗೆ ಭುಜದಿಂದ ಕೆಳಗೆ ಜಾರಿದೆ, ಅಡ್ಡ ಪಟ್ಟೆಯ ಬಟ್ಟೆ. ಎರಡನೆಯದರಲ್ಲಿ ಮೈ ಅರ್ಧ ತಿರುಗಿಸಿ, ಒಂದು ಕಾಲು ಮುಂದಿಟ್ಟು, ಕಡು ಬಣ್ಣದ ಬಟ್ಟೆ ಹಾಕಿದ್ದಾಳೆ. ಸೊಂಟಕ್ಕೆ ಒಳ್ಳೆಯ ಟಕ್ಸ್ ಹಿಡಿದಿದ್ದಾರೆ, ಎದೆಯ ಕೆಳಗಿನಿಂದ ಬಟ್ಟೆ ನೇರ ಬೀಳುತ್ತದೆ. ಇಷ್ಟು ವ್ಯತ್ಯಾಸವನ್ನು ನಾನು ಒಂದೇ ಮಧ್ಯಾಹ್ನದಲ್ಲಿ, ಒಂದು ಗ್ರಾಂ ಇಳಿಸದೆ ಮಾಡಿ ತೋರಿಸಬಲ್ಲೆ. ಫ್ರಾನ್ಸಿನಲ್ಲಿ ಮಾಡೆಲ್‌ಗಳ ಮೈಯನ್ನು ಸಣ್ಣ ಅಥವಾ ದಪ್ಪ ಕಾಣುವಂತೆ ತಿದ್ದಿದ ಜಾಹೀರಾತು ಚಿತ್ರದ ಮೇಲೆ ಹಾಗೆಂದು ಬರೆಯಲೇಬೇಕು, 2017ರಿಂದ ಕಾನೂನೇ ಇದೆ. ನೀವು ಕಾನೂನಿಗೆ ಕಾಯಬೇಕಿಲ್ಲ. ಅಂಥ ಜೋಡಿ ಫೋಟೋ ಹಾಕುವುದನ್ನೇ ನಿಲ್ಲಿಸಬಹುದು.

ಲೇಖನದ ಕೊನೆಯಲ್ಲಿ ಒಂದು ಫೋನ್ ನಂಬರ್ ಇತ್ತು. ಮಾಡಿ ನೋಡಿದೆ. ಎತ್ತಿದ ಹೆಂಗಸು ನನ್ನ ವಯಸ್ಸಾಗಲಿ, ಕಾಯಿಲೆಯಾಗಲಿ ಕೇಳಲಿಲ್ಲ. ತೂಕ ಎಷ್ಟು, ಪುಡಿಯ ಡಬ್ಬಿ ಎಷ್ಟು ಬೇಕು ಎಂದಷ್ಟೇ ಕೇಳಿದರು. ಹಾಗಾದರೆ ಅದು ಲೇಖನವೋ ಜಾಹೀರಾತೋ? ಜಾಹೀರಾತಾದರೆ ಮೇಲೆ ಹಾಗೆಂದು ಅಚ್ಚು ಹಾಕಿ. ಲೇಖನವಾದರೆ ಬರೆದವರು ಏನು ಓದಿದ್ದಾರೆ, ಏನು ಮಾರುತ್ತಾರೆ ಎಂದು ಕೆಳಗೆ ಎರಡು ಸಾಲು ಕೊಡಿ.

ಎರಡನೇ ಭಾಗ ಮುಂದಿನ ವಾರ ಬರುತ್ತದೆ ಎಂದು ಪ್ರಕಟಿಸಿದ್ದೀರಿ. ಅಚ್ಚಿಗೆ ಹೋಗುವ ಮುಂಚೆ ಅದನ್ನು ಒಬ್ಬ ಡಯಟೀಷಿಯನ್ ಕೈಗೆ ಕೊಟ್ಟು ಓದಿಸಿ. 800 ಎಂಬ ಸಂಖ್ಯೆಗೆ ತಿದ್ದುಪಡಿಯನ್ನು ಮೊದಲ ಭಾಗ ಬಂದ ಪುಟದಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ ಹಾಕಿ. ಆ ಹುಡುಗಿಯ ಮನೆಗೂ ನಿಮ್ಮ ಪತ್ರಿಕೆ ಬರುತ್ತದೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು, ಟೈಲರ್